ಬೇಗೆ ಎರಡು ಬಗೆ

ಬೇಸಗೆಯ ಬೇಗೆ ಎಲ್ಲೆಡೆಯೂ ಒಂದೇ ಎಂದು ನಾವು ಭಾವಿಸುತ್ತೇವೆ. ಉಷ್ಣಮಾಪಕದ ಅಂಕಿ ಕೇಳಿ ನಿಟ್ಟುಸಿರಿಡುವವರು ಬಹಳ. ಗಾಳಿಯಲ್ಲಿ ತೇವವೆಷ್ಟೆಂದು ವಿಚಾರಿಸುವವರು ವಿರಳ. ನಮ್ಮ ನಾಡಿನ ಹಳೆಯ ಮನೆಗಳನ್ನು ಕಟ್ಟಿದವರಾದರೋ ಈ ಭೇದವನ್ನು ಚೆನ್ನಾಗಿ ಬಲ್ಲವರಾಗಿದ್ದರು.

ವಿಜಯಪುರ, ಕಲಬುರಗಿಗಳ ಕಡೆ ನೋಡಿ. ಅಲ್ಲಿ ಮಳೆ ಕಡಮೆ. ವೈಶಾಖದ ಹಗಲು 40 ಡಿಗ್ರಿ ಸೆಲ್ಷಿಯಸನ್ನು ದಾಟುವುದುಂಟು. ರಾತ್ರಿಯ ಗಾಳಿ ಮಾತ್ರ ಬೇಗನೆ ತಣಿಯುತ್ತದೆ. ಆದುದರಿಂದಲೇ ಅಲ್ಲಿ ಕಲ್ಲುಮಣ್ಣಿನ ದಪ್ಪ ಗೋಡೆ, ಸಣ್ಣ ಕಿಟಕಿ, ತೊಲೆ ಜಂತೆಗಳ ಮೇಲೆ ಮಣ್ಣು ಹೊದಿಸಿದ ಮಾಳಿಗೆ. ಬಿಸಿಲಿನ ಕಾವು ಆ ಗೋಡೆಯನ್ನು ದಾಟಿ ಒಳಗೆ ಬರುವಷ್ಟರಲ್ಲಿ ಸಂಜೆಯಾಗಿರುತ್ತದೆ. ಮನೆಯವರ ಹಾಸಿಗೆಗಳು ಮಾಳಿಗೆಯನ್ನೇರಿರುತ್ತವೆ. ಅಂಥ ಮನೆಯೊಂದರಲ್ಲಿ ನಾನು ನಡುಹಗಲನ್ನು ಕಳೆದಿದ್ದೇನೆ. ಹೊರಗೆ ಕಾಲಿಡಲಾಗದ ಬಿಸಿಲು. ಒಳಗೆ ಅರೆಗತ್ತಲು, ಮಣ್ಣಿನ ಹರವಿಯ ನೀರು, ಸುಖನಿದ್ರೆ.

ಘಟ್ಟವಿಳಿದು ಮಂಗಳೂರಿಗೆ ಬಂದರೆ ಅಂಕಿ ಇಳಿಯುತ್ತದೆ, ಬೆವರು ಆರುವುದಿಲ್ಲ. ಅಲ್ಲಿ ರಾತ್ರಿಯೂ ಗಾಳಿ ಅಷ್ಟಾಗಿ ತಣಿಯದು. ಹೀಗಾಗಿ ಇಳಿಜಾರು ಮಾಡು, ಮುಂಚಾಚಿದ ಸೂರು, ಜಗಲಿ, ಎದುರುಬದುರಾದ ಕಿಟಕಿಗಳು. ಬಾಸೆಲ್ ಮಿಷನ್ನಿನವರು 1865ರಲ್ಲಿ ಅಲ್ಲಿ ಹಂಚಿನ ಕಾರ್ಖಾನೆ ತೆರೆದ ಬಳಿಕ ಹಂಚಿನ ಮಾಡು ದೂರದೂರಕ್ಕೆ ಹಬ್ಬಿತು. ಹಂಚುಗಳ ಸಂದಿಯಿಂದ ಬಿಸಿಗಾಳಿ ಮೇಲೇರಿ ಹೊರಬೀಳುತ್ತದೆ.

ಹರವಿಯ ನೀರು ತಣ್ಣಗಾಗುವುದೇಕೆ? ಒಂದು ಗ್ರಾಂ ನೀರು ಆವಿಯಾಗುವಾಗ ಸುಮಾರು 580 ಕ್ಯಾಲರಿ ಶಾಖವನ್ನು ಹೀರುತ್ತದೆ. ಲಾಮಂಚದ ತಟ್ಟಿಗೆ ನೀರು ಚಿಮುಕಿಸುತ್ತಿದ್ದುದೂ, ಇಂದಿನ ನೀರಿನ ಕೂಲರ್ ನಡೆಯುವುದೂ ಈ ತತ್ತ್ವದಿಂದಲೇ. ತೇವ ತುಂಬಿದ ಗಾಳಿ ಮತ್ತೆ ನೀರನ್ನು ಹೀರಲಾರದು. ನನ್ನ ಬಂಧುಗಳೊಬ್ಬರು ಬಯಲುಸೀಮೆಯಲ್ಲಿ ಮೆಚ್ಚಿದ ಕೂಲರನ್ನೇ ಕರಾವಳಿಯ ಮನೆಗೆ ಕೊಂಡರು. ವಾರದೊಳಗೆ ಹಾಸಿಗೆಯೆಲ್ಲ ತೇವಗೊಂಡು, ಅವರ ವೃದ್ಧ ತಾಯಿ ನಿದ್ದೆಗೆಟ್ಟರು.

1902ನೆಯ ಇಸವಿ ಈ ಕಥೆಯಲ್ಲಿ ಮುಖ್ಯವಾದುದು. ಆ ವರ್ಷ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿತು. ಅದೇ 1902ರಲ್ಲಿ ಅಮೆರಿಕೆಯ ಬ್ರೂಕ್ಲಿನ್ನಿನ ಮುದ್ರಣಾಲಯವೊಂದರಲ್ಲಿ ತೇವದಿಂದ ಕಾಗದ ಹಿಗ್ಗಿ ಕುಗ್ಗಿ ಬಣ್ಣದ ಅಚ್ಚು ಕೆಡುತ್ತಿತ್ತು. ಅದರ ಪರಿಹಾರಕ್ಕೆಂದು ವಿಲಿಸ್ ಕ್ಯಾರಿಯರ್ ಎಂಬ ತರುಣ ಇಂಜಿನಿಯರು ರೂಪಿಸಿದ ವ್ಯವಸ್ಥೆಯೇ ಆಧುನಿಕ ಹವಾನಿಯಂತ್ರಣಕ್ಕೆ ಮೂಲ. ಮನುಷ್ಯರ ಸುಖಕ್ಕಾಗಿ ಅಲ್ಲ, ಗಾಳಿಯ ತೇವವನ್ನು ಹತೋಟಿಗೆ ತರಲೆಂದು ಅದು ಹುಟ್ಟಿತು.

ಇಂದು ಕರಾವಳಿಯಲ್ಲೂ ಕಲಬುರಗಿಯಲ್ಲೂ ಒಂದೇ ಬಗೆಯ ಕಾಂಕ್ರೀಟು ತಾರಸಿ. ಅದು ಹಗಲೆಲ್ಲ ಕಾದು, ರಾತ್ರಿ ಮಲಗಿದವರ ಮೇಲೆ ಕಾವನ್ನು ಸುರಿಯುತ್ತದೆ. ಅದನ್ನು ಗೆಲ್ಲಲು ಒಂದೂವರೆ ಟನ್ನಿನ ಹವಾನಿಯಂತ್ರಕವನ್ನು ಹಚ್ಚಿದರೆ ಸುಮಾರು 1,500 ವ್ಯಾಟ್ ವಿದ್ಯುತ್ತು ಬೇಕು. ಸಾಧಾರಣ ಫ್ಯಾನಿಗೆ ಸುಮಾರು 75 ಸಾಕು. ಈ ವೆಚ್ಚವನ್ನು ಭರಿಸಲಾರದವರು ಬೇಯಬೇಕೆ?

ಮಾಳಿಗೆಯ ಮನೆಗೇ ಮರಳಿ ಹೋಗೋಣವೆಂದು ನಾನು ಹೇಳುವುದಿಲ್ಲ. ಹಿರಿಯರ ಕ್ರಮವನ್ನು ಉಳಿಸಿಕೊಳ್ಳಬಹುದು. ಮೊದಲು ಬಿಸಿಲನ್ನು ಹೊರಗೇ ತಡೆಯಬೇಕು: ತಾರಸಿಗೆ ಬಿಳಿಯ ಸುಣ್ಣ, ಕಿಟಕಿಗೆ ಹೊರಗಿನ ನೆರಳು, ಅನುಕೂಲವಿದ್ದವರಿಗೆ ತಾರಸಿಯ ಮೇಲೆ ಸೌರಫಲಕ, ಅದು ವಿದ್ಯುತ್ತಿನೊಡನೆ ನೆರಳನ್ನೂ ಕೊಡುತ್ತದೆ. ಆಮೇಲೆ ಗಾಳಿಗೆ ದಾರಿ. ಯಂತ್ರದ ಮಾತು ಕೊನೆಗೆ: ಒಣನಾಡಿಗೆ ಕೂಲರ್, ತೇವದ ನಾಡಿಗೆ ಫ್ಯಾನು, ತೀರ ಅಗತ್ಯವಿದ್ದರೆ ಹವಾನಿಯಂತ್ರಕ. ಅಂಗಡಿಯವರು ಕೋಣೆಯ ಅಳತೆಯನ್ನು ಕೇಳಿಯಾರು. ಊರಿನ ಗಾಳಿಯ ಗುಣವನ್ನು ನಾವೇ ಅರಿತಿರಬೇಕು.