ರೈಲು ಬಿಟ್ಟುಹೋದ ಮನೆಯಲ್ಲಿ ಒಂದು ಕಾಲೇಜು

ರಾಜಾಜಿನಗರದ ನಮಗೆ ಧಾರವಾಡ ಅಂದರೆ ಯಶವಂತಪುರದಲ್ಲಿ ರಾತ್ರಿ ರೈಲು ಹತ್ತಿ, ನಿದ್ದೆ ತಿಳಿಯಾಗುವ ಹೊತ್ತಿಗೆ ಇಳಿಯುವ ಊರು. ಹಾಗೆ ಇಳಿದ ಒಂದು ಮಳೆಗಾಲದ ಬೆಳಿಗ್ಗೆ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಕರ್ನಾಟಕ ಕಾಲೇಜಿನ ಕಡೆಗೆ ಹೊರಟೆ. ಊರವರ ಬಾಯಲ್ಲಿ ಅದು ಕೆಸಿಡಿ. ರಾತ್ರಿಯ ಮಳೆ ನಿಂತಿತ್ತು, ಮೋಡ ಮಾತ್ರ ಹಾಗೇ ಇತ್ತು. ಹಳೆಯ ಕಲ್ಲಿನ ಕಟ್ಟಡದ ಚಿತ್ರ ತೆಗೆಯುವವರಿಗೆ ಇದಕ್ಕಿಂತ ಒಳ್ಳೆಯ ಬೆಳಕು ಬೇಕಿಲ್ಲ. ಬಿಸಿಲಿದ್ದರೆ ಕಮಾನಿನ ಒಳಗೆಲ್ಲ ಕಪ್ಪು ತುಂಬಿಕೊಳ್ಳುತ್ತದೆ. ಮೋಡವಿದ್ದರೆ ಕಲ್ಲು ತನ್ನ ಬಣ್ಣವನ್ನು ತಾನೇ ತೋರಿಸುತ್ತದೆ.

ದೂರ ನಿಂತು ನೋಡಿದೆ. ಕಲ್ಲಿನ ಗೋಡೆ, ತುದಿಯಲ್ಲಿ ಚೂಪಾಗುವ ಗಾಥಿಕ್ ಕಮಾನುಗಳು, ಮಳೆನೀರು ಜಾರಿಹೋಗಲೆಂದು ಇಳಿಜಾರಾದ ಮಾಡು. ಮೊದಲ ನೋಟಕ್ಕೆ ಯಾರಿಗಾದರೂ ಇದು ಆಕ್ಸ್‌ಫರ್ಡನ್ನೋ ಕೇಂಬ್ರಿಡ್ಜನ್ನೋ ಮನಸ್ಸಿನಲ್ಲಿಟ್ಟು ಕಟ್ಟಿಸಿದ ಕಾಲೇಜು ಅನ್ನಿಸಬೇಕು. ಆದರೆ ಈ ಕಟ್ಟಡ ಕಾಲೇಜಿಗೆಂದು ಹುಟ್ಟಿದ್ದಲ್ಲ. ಇದು ಸದರ್ನ್ ಮರಾಠಾ ರೈಲ್ವೆ ಕಂಪನಿಯ ಮುಖ್ಯ ಕಚೇರಿ. ಇಂದು ಉಪನ್ಯಾಸ ನಡೆಯುವ ಜಾಗದಲ್ಲಿ ಒಂದು ಕಾಲಕ್ಕೆ ಗುಮಾಸ್ತರು ಕೂತು ಲೆಕ್ಕ ಬರೆದರು. ಆ ಕಂಪನಿ ಈ ಊರಿಗೆ ಯಾಕೆ ಬಂತು ಎಂದು ಕೇಳಿದರೆ ಉತ್ತರ ಒಂದು ಬರಗಾಲಕ್ಕೆ ಹೋಗಿ ಮುಟ್ಟುತ್ತದೆ.

1876ರಿಂದ 1878ರವರೆಗಿನ ಆ ಬರವನ್ನು ನಮ್ಮ ಹಿರಿಯರು ಧಾತು ಈಶ್ವರ ಬರ ಎಂದು ಸಂವತ್ಸರದ ಹೆಸರಿನಿಂದಲೇ ನೆನೆಯುತ್ತಿದ್ದರು. ಮದ್ರಾಸು, ಮುಂಬಯಿ ಪ್ರಾಂತ್ಯಗಳು, ಮೈಸೂರು, ಹೈದರಾಬಾದು ಎಲ್ಲವೂ ಅದರ ಬಾಯಿಗೆ ಬಿದ್ದವು. ಬ್ರಿಟಿಷ್ ಆಡಳಿತದ ಪ್ರದೇಶಗಳಲ್ಲೇ 50 ಲಕ್ಷಕ್ಕೂ ಹೆಚ್ಚು ಜನ ಸತ್ತರೆಂಬ ಅಂದಾಜಿದೆ. ಧಾರವಾಡ, ವಿಜಾಪುರದ ಬಯಲು ಸೀಮೆಗೆ ಆಗ ರೈಲಿರಲಿಲ್ಲ. ಕಾಳು ಬರಬೇಕಾದರೆ ಎತ್ತಿನ ಗಾಡಿಯಲ್ಲೇ ಬರಬೇಕು. ಮೇವಿಲ್ಲದೆ ಎತ್ತುಗಳೇ ಸಾಯುತ್ತಿದ್ದವು. ಪರಿಹಾರ ಕಾಮಗಾರಿಗಳಲ್ಲಿ ಕಲ್ಲು ಒಡೆಯುವವರ ಕೂಲಿಯನ್ನು ದಿನಕ್ಕೆ ಒಂದು ಪೌಂಡು ಕಾಳು ಮತ್ತು ಚಿಲ್ಲರೆ ಕಾಸಿಗೆ ಇಳಿಸಿದಾಗ ಮುಂಬಯಿ ಪ್ರಾಂತ್ಯದ ಹಲವೆಡೆ ಜನ ಹಸಿದ ಹೊಟ್ಟೆಯಲ್ಲೇ ಕೆಲಸ ಬಿಟ್ಟು ಹೊರಟರು. ಅದೇ ವರ್ಷಗಳಲ್ಲಿ ದೇಶದ ಬಂದರುಗಳಿಂದ ಧಾನ್ಯ ಹೊರಗೆ ಹೋಗುವುದು ಮಾತ್ರ ನಿಲ್ಲಲಿಲ್ಲ.

ಬರ ಮುಗಿದ ಮೇಲೆ ನೇಮಕವಾದ ಆಯೋಗ 1880ರಲ್ಲಿ ವರದಿ ಕೊಟ್ಟಿತು. ಬರ ಬೀಳುವ ಸೀಮೆಗಳಿಗೆ ರೈಲುದಾರಿ ಹಾಕಬೇಕೆಂಬುದು ಅದರ ಮುಖ್ಯ ಸಲಹೆಗಳಲ್ಲಿ ಒಂದು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಹುಟ್ಟಿತು. ಹೊಟಗಿಯಿಂದ ಗದಗ, ಅಲ್ಲಿಂದ ಹುಬ್ಬಳ್ಳಿ, ಧಾರವಾಡ, ಲೋಂಡಾ, ಪಶ್ಚಿಮ ಘಟ್ಟದ ಕಡೆಗೆ ಕ್ಯಾಸಲ್‌ರಾಕ್ ಎಂದು ಮೀಟರ್ ಗೇಜ್ ಹಳಿಗಳು ಹರಡಿದವು. ಕಾಳು ಒಳಗೆ ತರಲೆಂದು ಹಾಕಿದ ಹಳಿ ಹತ್ತಿಯನ್ನು ಮರ್ಮಗೋವಾ ಬಂದರಿಗೆ ಸಾಗಿಸುವುದಕ್ಕೂ ಅನುಕೂಲವಾಯಿತು. ಮೈಸೂರು ಸಂಸ್ಥಾನದ ರೈಲುಗಳನ್ನು ನಡೆಸುವ ಹೊಣೆಯೂ ಇದೇ ಕಂಪನಿಗೆ ಬಂತು. ಎಂದರೆ ನಾನು ರೈಲು ಹತ್ತಿದ ಯಶವಂತಪುರದ ದಾರಿಯ ಕಾಗದಪತ್ರಗಳೂ ಒಂದು ಕಾಲಕ್ಕೆ ಧಾರವಾಡದ ಈ ಕಚೇರಿಗೇ ಬರುತ್ತಿದ್ದವು.

1908ರಲ್ಲಿ ಕಂಪನಿ ಮದ್ರಾಸ್ ರೈಲ್ವೆಯೊಂದಿಗೆ ಸೇರಿ ಮದ್ರಾಸ್ ಮತ್ತು ಸದರ್ನ್ ಮರಾಠಾ ರೈಲ್ವೆ ಆಯಿತು. ಮುಖ್ಯ ಕಚೇರಿ ಮದ್ರಾಸಿನಲ್ಲಿ ನೆಲೆಸಿತು. ದೊಡ್ಡ ಕಾರ್ಖಾನೆ ಹುಬ್ಬಳ್ಳಿಯಲ್ಲಿ ಉಳಿಯಿತು, ಧಾರವಾಡದಲ್ಲಿ ಕಟ್ಟಡ ಉಳಿಯಿತು.

ಆ ಹೊತ್ತಿಗೆ ಮುಂಬಯಿ ಪ್ರಾಂತ್ಯದ ಕನ್ನಡ ಜಿಲ್ಲೆಗಳ ಹುಡುಗನೊಬ್ಬ ಪದವಿ ಓದಬೇಕೆಂದರೆ ಪುಣೆಗೋ ಮುಂಬಯಿಗೋ ಹೋಗಬೇಕಿತ್ತು. ಆಲೂರ ವೆಂಕಟರಾಯರು ಓದಿದ್ದು ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ, ಬೇಂದ್ರೆಯವರು ಓದಿದ್ದೂ ಅಲ್ಲೇ. ಪರವೂರಿನ ಬಾಡಿಗೆ, ಊಟದ ಖರ್ಚು ಹೊರಲಾರದ ಮನೆಗಳ ಹುಡುಗರ ಓದು ಹೈಸ್ಕೂಲಿಗೇ ಮುಗಿಯುತ್ತಿತ್ತು. ಕನ್ನಡ ಶಾಲೆಗಳಿಗಾಗಿ ಡೆಪ್ಯುಟಿ ಚನ್ನಬಸಪ್ಪನವರು ದುಡಿದ, 1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಕಟ್ಟಿಕೊಂಡ ಊರಿಗೆ ಒಂದು ಕಾಲೇಜು ಇರಲಿಲ್ಲ. ಅರಟಾಳ ರುದ್ರಗೌಡರು, ರೊದ್ದ ಶ್ರೀನಿವಾಸರಾಯರು ಮೊದಲಾದವರು ಬೆನ್ನು ಹತ್ತಿದ್ದರಿಂದ 1917ರಲ್ಲಿ ಕರ್ನಾಟಕ ಕಾಲೇಜು ಶುರುವಾಯಿತು. ಆಲೂರರ ‘ಕರ್ನಾಟಕ ಗತವೈಭವ’ ಅಚ್ಚಾದದ್ದೂ ಅದೇ ವರ್ಷ. ಪುಸ್ತಕ ಹಳೆಯ ವೈಭವವನ್ನು ನೆನಪಿಸಿತು. ಕಾಲೇಜು ಮುಂದಿನ ಓದಿಗೆ ಬೆಂಚು ಹಾಕಿತು. ರೈಲ್ವೆ ಬಿಟ್ಟುಹೋದ ಕಟ್ಟಡ ಅದರ ಮನೆಯಾಯಿತು. ಇಲ್ಲಿ ಓದಿದ ವಿ.ಕೃ. ಗೋಕಾಕರು ಮುಂದೆ ಇಲ್ಲಿಯೇ ಪ್ರಾಂಶುಪಾಲರಾದರು. ಗಿರೀಶ ಕಾರ್ನಾಡರು 1958ರಲ್ಲಿ ಇಲ್ಲಿಂದ ಪದವಿ ಪಡೆದರು. ಇಬ್ಬರಿಗೂ ಜ್ಞಾನಪೀಠ ಬಂತು.

ಕ್ಯಾಮೆರಾಕ್ಕೂ ಈ ಸೀಮೆಗೂ ಹಳೆಯ ನಂಟಿದೆ. ರೈಲು ಬರುವ ಮೊದಲೇ, 1850ರ ದಶಕದಲ್ಲಿ, ಬಿಗ್ಸ್ ಮತ್ತು ಡಾಕ್ಟರ್ ಪಿಗೌ ಎಂಬ ಅಧಿಕಾರಿಗಳು ಭಾರವಾದ ಸಾಮಾನು ಹೊರಿಸಿಕೊಂಡು ಇಲ್ಲಿನ ದೇಗುಲಗಳ ಚಿತ್ರ ತೆಗೆದರು. ಅವರದೂ ನೀಲ್ ಎಂಬುವವರದೂ ಸೇರಿದ ಚಿತ್ರಗಳು 1866ರಲ್ಲಿ ಧಾರವಾಡ ಮತ್ತು ಮೈಸೂರಿನ ವಾಸ್ತುಶಿಲ್ಪದ ದೊಡ್ಡ ಪುಸ್ತಕವಾಗಿ ಲಂಡನ್ನಿನಲ್ಲಿ ಬಂದವು. ಆ ಕಾಲದ ಇಂಥ ಚಿತ್ರಗಳಲ್ಲಿ ಮನುಷ್ಯ ಕಂಡರೆ ಹೆಚ್ಚಾಗಿ ಅವನು ಅಳತೆಗೋಲು: ಕಂಬ ಎಷ್ಟು ಎತ್ತರ ಎಂದು ತಿಳಿಯಲು ಪಕ್ಕದಲ್ಲಿ ನಿಲ್ಲಿಸಿದವನು, ಹೆಸರಿಲ್ಲದವನು. ಹತ್ತಿಪ್ಪತ್ತು ವರ್ಷದ ಮೇಲೆ ಬರ ಬಂದಾಗ ಹೂಪರ್ ಎಂಬ ಸೇನಾಧಿಕಾರಿ ಮದ್ರಾಸ್ ಪ್ರಾಂತ್ಯದಲ್ಲಿ ಎಲುಬುಗೂಡಾದವರನ್ನು ಗುಂಪುಗುಂಪಾಗಿ ಕೂರಿಸಿ ಚಿತ್ರ ತೆಗೆದ. ಅಲ್ಲಿ ಕಟ್ಟಡವಿಲ್ಲ, ಬರೀ ಜನ, ಅವರಿಗೂ ಹೆಸರಿಲ್ಲ.

ಇದೆಲ್ಲ ತಲೆಯಲ್ಲಿದ್ದವನಿಗೆ ಆ ಬೆಳಿಗ್ಗೆ ಚೌಕಟ್ಟು ಕಟ್ಟುವುದು ಕಷ್ಟವಾಯಿತು. ಕಮಾನುಗಳನ್ನು ನೇರ ಗೆರೆಯಲ್ಲಿ ಹಿಡಿದು, ಜನ ಅಡ್ಡ ಬರದ ಕ್ಷಣಕ್ಕೆ ಕಾಯುತ್ತಿದ್ದೆ. ಅಂಥ ಚಿತ್ರ ಚೆಂದವಾಗಿಯೇ ಬರುತ್ತದೆ. ಆದರೆ ಅದರಲ್ಲಿ ಇದು ರೈಲ್ವೆ ಕಚೇರಿಯೋ ಕಾಲೇಜೋ ತಿಳಿಯುವುದಿಲ್ಲ. ಕಲ್ಲಿಗೆ ಎರಡೂ ಒಂದೇ. ಕಾಲೇಜು ಅನ್ನಿಸುವುದು ಹುಡುಗರು ಹುಡುಗಿಯರು ಬಂದಾಗ.

ಅಷ್ಟರಲ್ಲಿ ನಾಲ್ಕು ಜನ ವಿದ್ಯಾರ್ಥಿನಿಯರು ಕೊಡೆ ಮಡಚುತ್ತ ಬಂದರು. ನನ್ನ ಕ್ಯಾಮೆರಾ ನೋಡಿ ಪಕ್ಕಕ್ಕೆ ಸರಿಯತೊಡಗಿದರು.

‘ಸರಿಬ್ಯಾಡ್ರಿ, ನೀವೂ ಇರ್ರಿ. ತೆಗೀಲೇನು?’ ಎಂದು ನನಗೆ ಬಂದಷ್ಟು ಧಾರವಾಡದ ಕನ್ನಡದಲ್ಲಿ ಕೇಳಿದೆ.

‘ತೆಗೀರಿ ಸರ್, ನಮಗೂ ಕಳಸ್ರಿ ಮತ್ತ,’ ಎಂದಳು ಒಬ್ಬಳು. ಆಕೆ ನವಲಗುಂದದ ಕಡೆಯವಳಂತೆ, ದಿನಾ ಬಸ್ಸಿನಲ್ಲಿ ಬರುತ್ತಾಳಂತೆ. ಇದು ರೈಲ್ವೆ ಕಚೇರಿಯಾಗಿತ್ತು ಎಂದು ಹೇಳಿದೆ. ‘ಹೌದಾ?’ ಎಂದು ಕತ್ತೆತ್ತಿ ಗೋಡೆ ನೋಡಿದಳು. ಆ ಕ್ಷಣದಲ್ಲೇ ಒತ್ತಿದೆ. ಚಿತ್ರದಲ್ಲಿ ಕಮಾನು ಅರ್ಧ ಕಾಣುತ್ತದೆ, ಗೆರೆ ಸ್ವಲ್ಪ ವಾಲಿದೆ. ಗಂಟೆಯಾಯಿತೆಂದು ನಾಲ್ವರೂ ಒಳಗೆ ಓಡಿದರು. ನಾನು ನಂಬರು ಬರೆದುಕೊಂಡಿದ್ದೆ; ಸಂಜೆ ರೈಲು ಹತ್ತುವ ಮೊದಲು ಚಿತ್ರ ಕಳಿಸಿದೆ.