ಸುಳ್ಳು ಆನ್‌ಲೈನ್ ವಿಮರ್ಶೆಗಳ ವಿರುದ್ಧ ಕಾನೂನು ಪರಿಹಾರ

ಅಂಗಡಿ, ಹೋಟೆಲ್ ಮೊದಲಾದ ಉದ್ದಿಮೆಗಳ ಬಗ್ಗೆ ಅಂತರಜಾಲದಲ್ಲಿ ಪ್ರಕಟವಾಗುವ ಸುಳ್ಳು ವಿಮರ್ಶೆಗಳಿಗೆಂದೇ ಭಾರತದಲ್ಲಿ ಪ್ರತ್ಯೇಕ ಕಾಯಿದೆಯಿಲ್ಲ. ಮಾನನಷ್ಟದ ಸಾಮಾನ್ಯ ಕಾನೂನು ಹಾಗೂ 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯೇ ಇಲ್ಲಿ ಮುಖ್ಯ ಆಧಾರ. ಭಾರತೀಯ ಮಾನಕ ಬ್ಯೂರೋ 2022ರಲ್ಲಿ ಹೊರತಂದ ಐಎಸ್ 19000 ಮಾನಕವು ವಿಮರ್ಶೆಗಳ ಸಂಗ್ರಹ ಮತ್ತು ಪ್ರಕಟಣೆಗೆ ಸಂಬಂಧಿಸಿದ್ದು, ಅದರ ಪಾಲನೆ ಐಚ್ಛಿಕವಾಗಿತ್ತು.

ಅಭಿಪ್ರಾಯ ಮತ್ತು ಆರೋಪ

"ಊಟ ರುಚಿಸಲಿಲ್ಲ" ಎಂಬುದು ಅಭಿಪ್ರಾಯ; ಅದು ಎಷ್ಟೇ ಕಟುವಾಗಿದ್ದರೂ ಪ್ರಾಮಾಣಿಕವಾಗಿದ್ದರೆ ಸಾಮಾನ್ಯವಾಗಿ ಮಾನನಷ್ಟವಾಗದು. "ಕಲಬೆರಕೆ ಎಣ್ಣೆ ಬಳಸುತ್ತಾರೆ" ಎಂಬುದು ಸಂಗತಿಯ ಆರೋಪ. ಸುಳ್ಳಾಗಿದ್ದರೆ ದಾವೆಗೆ ಅವಕಾಶವಿದೆ. ಸಿವಿಲ್ ದಾವೆಯಲ್ಲಿ ಸತ್ಯವೇ ಪೂರ್ಣ ಪ್ರತಿವಾದ. ಕ್ರಿಮಿನಲ್ ಪ್ರಕರಣದಲ್ಲಿ ಸತ್ಯದ ಜೊತೆಗೆ ಸಾರ್ವಜನಿಕ ಹಿತವನ್ನೂ ತೋರಿಸಬೇಕಾಗುತ್ತದೆ.

ವೇದಿಕೆಗೆ ದೂರು

2021ರ ಮಾಹಿತಿ ತಂತ್ರಜ್ಞಾನ ನಿಯಮಗಳ ಪ್ರಕಾರ ಜಾಲತಾಣಗಳು ಕುಂದುಕೊರತೆ ಅಧಿಕಾರಿಯನ್ನು ನೇಮಿಸಿ, ಅವರ ಹೆಸರು ಮತ್ತು ಸಂಪರ್ಕ ವಿವರವನ್ನು ಪ್ರಕಟಿಸಬೇಕು. ಅವರ ತೀರ್ಮಾನ ಒಪ್ಪಿಗೆಯಾಗದಿದ್ದರೆ 30 ದಿನಗಳೊಳಗೆ ಕುಂದುಕೊರತೆ ಮೇಲ್ಮನವಿ ಸಮಿತಿಗೆ ಹೋಗಬಹುದು. ಆದರೆ ದೂರು ಬಂದ ಮಾತ್ರಕ್ಕೆ ಬರಹ ಅಳಿಸಲೇಬೇಕೆಂದಿಲ್ಲ. ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2015ರಲ್ಲಿ ಹೇಳಿದಂತೆ, ನ್ಯಾಯಾಲಯದ ಆದೇಶ ಅಥವಾ ಸರ್ಕಾರದ ಸೂಚನೆ ತಲುಪಿದ ಮೇಲೂ ಬರಹವನ್ನು ತೆಗೆಯದಿದ್ದಾಗ ಮಾತ್ರ ಕಲಂ 79ರ ರಕ್ಷಣೆ ತಪ್ಪುತ್ತದೆ. ಸಣ್ಣ ವ್ಯಾಪಾರಿಗಳು ಎಡವುವುದು ಹೆಚ್ಚಾಗಿ ಇಲ್ಲಿಯೇ.

ನ್ಯಾಯಾಲಯದ ಮಾರ್ಗ

ಸಿವಿಲ್ ಪ್ರಕ್ರಿಯಾ ಸಂಹಿತೆಯ ಕಲಂ 19ರಂತೆ ಹಾನಿಯಾದ ಸ್ಥಳದಲ್ಲಿಯೂ ದಾವೆ ಹೂಡಬಹುದು. ಬೆಳಗಾವಿ ಜಿಲ್ಲೆಯ ಕುಡಚಿಯ ಅಂಗಡಿಯೊಂದರ ಹೆಸರು ಊರಲ್ಲೇ ಕೆಟ್ಟಿದ್ದರೆ, ಬರೆದವರು ಬೆಂಗಳೂರಿನಲ್ಲಿದ್ದರೂ ಮಾಲೀಕರು ರಾಯಬಾಗದ ನ್ಯಾಯಾಲಯಕ್ಕೆ ಹೋಗಬಹುದು. ಬರೆದವರು ಯಾರೆಂದು ತಿಳಿಯದಿದ್ದರೆ ಅನಾಮಿಕ ಪ್ರತಿವಾದಿಯ ಮೇಲೆ ದಾವೆ ಹೂಡಿ, ಖಾತೆಯ ವಿವರ ಒದಗಿಸುವಂತೆ ಜಾಲತಾಣಕ್ಕೆ ಆದೇಶ ಕೋರಬಹುದು. ಕಾಲಮಿತಿ ಪ್ರಕಟಣೆಯಿಂದ ಕೇವಲ 1 ವರ್ಷ. ಕೇಳುವ ಪರಿಹಾರ ಹೆಚ್ಚಿದಂತೆ ಕರ್ನಾಟಕದಲ್ಲಿ ನ್ಯಾಯಾಲಯ ಶುಲ್ಕವೂ ಏರುತ್ತದೆ. ವಿಚಾರಣೆಗೆ ಮೊದಲೇ ತಡೆಯಾಜ್ಞೆ ಸಿಗುವುದು ಸುಲಭವಲ್ಲ: ಪತ್ರಿಕಾ ಲೇಖನವೊಂದಕ್ಕೆ ಸಂಬಂಧಿಸಿದ ಬ್ಲೂಮ್‌ಬರ್ಗ್–ಝೀ ಪ್ರಕರಣದಲ್ಲಿ 2024ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಇಂತಹ ಮಧ್ಯಂತರ ಆದೇಶವನ್ನು ರದ್ದುಗೊಳಿಸಿತು.

ಭಾರತೀಯ ನ್ಯಾಯ ಸಂಹಿತೆಯ ಕಲಂ 356ರಡಿ ಮಾನನಷ್ಟಕ್ಕೆ 2 ವರ್ಷದವರೆಗಿನ ಸಾದಾ ಸೆರೆವಾಸ, ದಂಡ, ಎರಡೂ ಅಥವಾ ಸಮುದಾಯ ಸೇವೆಯ ಶಿಕ್ಷೆಯುಂಟು. ಇದು ಅಸಂಜ್ಞೇಯ ಅಪರಾಧವಾದ್ದರಿಂದ ಠಾಣೆಯಲ್ಲಿ ಎಫ್‌ಐಆರ್ ಆಗುವುದಿಲ್ಲ. ನೊಂದವರೇ ಮ್ಯಾಜಿಸ್ಟ್ರೇಟರಿಗೆ ಖಾಸಗಿ ದೂರು ಸಲ್ಲಿಸಬೇಕು. ಆದರೆ ವಿಮರ್ಶೆ ಅಳಿಸಲು ಹಣ ಕೊಡಿ ಎಂದು ಬೆದರಿಸಿದರೆ ಅದು ಕಲಂ 308ರ ಸುಲಿಗೆಯಾಗಬಹುದು. ಅದಕ್ಕೆ ಪೊಲೀಸರ ಬಳಿಗೆ ನೇರವಾಗಿ ಹೋಗಬಹುದು.

ಯಾವ ಮಾರ್ಗ ಹಿಡಿದರೂ ವಿಮರ್ಶೆ ಅಳಿದುಹೋಗುವ ಮೊದಲೇ ಅದರ ಕೊಂಡಿ, ದಿನಾಂಕ ಮತ್ತು ಪರದೆಚಿತ್ರವನ್ನು ಉಳಿಸಿಕೊಳ್ಳಬೇಕು. ಪರದೆಚಿತ್ರದ ಮುದ್ರಿತ ಪ್ರತಿಯನ್ನು ಸಾಕ್ಷ್ಯವಾಗಿ ಹಾಜರುಪಡಿಸುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರವೂ ಜೊತೆಗಿರಬೇಕು.