ಅಂಕಿತ ಬದಲಾದರೆ ಗೊತ್ತಾಗುತ್ತಾ?

ಕತ್ರಿಗುಪ್ಪೆ ಸಿಗ್ನಲ್‌ನಲ್ಲಿ ಬಸ್ಸು ನಿಂತಷ್ಟು ಹೊತ್ತು ನಾನು ಫೋನಿನಲ್ಲಿ 'ವಚನ ಸಂಚಯ' ತೆರೆದು ಪದ ಹುಡುಕ್ತಾ ಕೂರ್ತೀನಿ. 20 ಸಾವಿರಕ್ಕೂ ಹೆಚ್ಚು ವಚನಗಳಲ್ಲಿ ಅದು ಎಲ್ಲೆಲ್ಲಿದೆ ಅಂತ ಕ್ಷಣದಲ್ಲಿ ಸಿಗುತ್ತೆ. ವಿಜಯಪುರದ ವಕೀಲ ಫ.ಗು. ಹಳಕಟ್ಟಿಯವರು ಊರೂರಿನ ಓಲೆಗರಿ ಕೂಡಿಸಿ 'ವಚನಶಾಸ್ತ್ರಸಾರ' ಅಚ್ಚು ಹಾಕಿಸಿದ್ದು 1923ರಲ್ಲಿ. ಕಲಬುರ್ಗಿಯವರ ನೇತೃತ್ವದ 15 ಸಂಪುಟಗಳು ಬರೋಕೆ ಮತ್ತೆ 70 ವರ್ಷ ಹಿಡೀತು.

ವಿಟ್‌ಗೆನ್‌ಸ್ಟೈನ್ ಎಂಬ ತತ್ತ್ವಜ್ಞಾನಿಯ ಕಾಗದಪತ್ರಗಳನ್ನು ನಾರ್ವೆಯ ಬರ್ಗನ್‌ನವರು ಡಿಜಿಟಲ್ ಮಾಡಿದಾಗ ಆತ ಹೊಡೆದುಹಾಕಿದ ಪದವನ್ನೂ ಉಳಿಸಿಕೊಂಡರು. ನಮ್ಮ ಅಲ್ಲಮ, ಬಸವಣ್ಣನವರ ಕೈಬರಹ ಒಂದೂ ಇಲ್ಲ. ಇರೋದು ಬಹಳ ಕಾಲದ ನಂತರ ಯಾರ್ಯಾರೋ ಮಾಡಿಕೊಂಡ ಪ್ರತಿಗಳು. ಸಹಿ ಅಂತ ಉಳಿದಿರೋದು ವಚನದ ಅಂಕಿತ ಮಾತ್ರ.

1990ರ ದಶಕದಲ್ಲಿ ಮಾತೆ ಮಹಾದೇವಿಯವರು 'ಬಸವ ವಚನ ದೀಪ್ತಿ'ಯಲ್ಲಿ 'ಕೂಡಲಸಂಗಮದೇವ' ಇದ್ದ ಕಡೆ 'ಲಿಂಗದೇವ' ಅಂತ ಹಾಕಿದರು. ದೊಡ್ಡ ಗಲಾಟೆಯಾಯ್ತು. 1998ರಲ್ಲಿ ಸರ್ಕಾರ ಪುಸ್ತಕ ಮುಟ್ಟುಗೋಲು ಹಾಕಿತು, 2017ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. (ಪುಸ್ತಕ ನಿಷೇಧ ನನಗಂತೂ ಒಗ್ಗಲ್ಲ, ಆ ಮಾತು ಬೇರೆ.) ಅವರು ಮಾಡಿದ್ದನ್ನು ಬಹಿರಂಗವಾಗಿ ಸಮರ್ಥಿಸಿಕೊಂಡರು, ಹಳೆಯ ಅಚ್ಚಿನ ಪ್ರತಿಗಳೂ ಕಪಾಟಿನಲ್ಲಿದ್ದವು. ಹಾಗಾಗಿ ಜಗಳವಾದರೂ ಸಾಧ್ಯವಾಯ್ತು.

ಈಗ ಅದೇ ಕೆಲಸಕ್ಕೆ 'ಫೈಂಡ್ ಅಂಡ್ ರಿಪ್ಲೇಸ್' ಒತ್ತಿದರೆ ಸಾಕು, ಯಾರಿಗೂ ಗೊತ್ತಾಗಲ್ಲ. ನಾವು ಆಫೀಸಿನ ಕೋಡಿನಲ್ಲಿ ಒಂದು ಸಾಲು ತಿದ್ದಿದರೂ ಯಾರು, ಯಾವಾಗ, ಯಾಕೆ ಅಂತ ದಾಖಲಾಗುತ್ತೆ. ವಚನಕ್ಕೂ ಅಷ್ಟು ಬೇಕಲ್ವಾ? ಪಾಠಾಂತರವೇನು, ಯಾವ ಪ್ರತಿಯದ್ದು, ತಿದ್ದಿದ್ದು ಯಾರು? ವಾಟ್ಸಾಪಿನಲ್ಲಿ ಬರೋ ವಚನದ ಕೆಳಗೆ ಗುಲಾಬಿ ಹೂ ಇರುತ್ತೆ, ಸಂಪುಟದ ಸಂಖ್ಯೆ ಇರಲ್ಲ.